ಶಾಕ್ ನೆಟ್ ಕೆಲಸ ಮಾಡ್ತಿಲ್ವಾ? ಯಾವ ಹೊತ್ತಲ್ಲಿ ಅಂತ ಮೊದಲು ನೋಡಿ

ತಿಪಟೂರು ತಾಲ್ಲೂಕಲ್ಲಿ ನಮ್ಮದು 3 ಎಕರೆ ತೆಂಗಿನ ತೋಟ, ಅದರೊಳಗೇ 120 ನಾಟಿಕೋಳಿ, 14 ಕುರಿ, 5 ಮೇಕೆ ಸಾಕಿದೀವಿ. ಇವಕ್ಕೆ ಕಲ್ಲುಕಂಬದ ಬೇಲಿ ಏನೂ ಇಲ್ಲ, ಎತ್ತಿ ಎತ್ತಿ ಹಾಕೋ ಎಲೆಕ್ಟ್ರಿಕ್ ನೆಟ್ ಇದೆ. 50 ಮೀಟರಿನ ಸುರುಳಿಗಳು, ನಡುನಡುವೆ ಪ್ಲಾಸ್ಟಿಕ್ ಗೂಟ, ಅಡ್ಡಡ್ಡ ಹೋಗಿರೋ ದಾರದೊಳಗೆ ಕೂದಲೆಳೆಯಂಥ ಸ್ಟೀಲ್ ತಂತಿ, ಅದಕ್ಕೆ 12 ವೋಲ್ಟ್ ಬ್ಯಾಟ್ರಿ ಮೇಲೆ ಓಡೋ ಝಟ್ಕಾ ಮೆಷಿನ್. ನಾಲ್ಕೈದು ದಿನಕ್ಕೊಂದು ಸಲ ಸುತ್ತಿ ಮುಂದಿನ ನಾಲ್ಕು ಮರದ ಸುತ್ತ ಹಾಕ್ತೀವಿ, ಗೊಬ್ಬರ ಬಿದ್ದ ಕಡೆ ಮರ ಚೆನ್ನಾಗಿರುತ್ತೆ. ಕುರುಬರು ಹೊಲದಲ್ಲಿ ಮಂದೆ ನಿಲ್ಲಿಸೋಕೆ ಬಲೆ ಕಟ್ತಾರಲ್ಲ, ಯೋಚನೆ ಅದೇ, ಇದಕ್ಕೆ ಶಾಕ್ ಸೇರಿದೆ.

ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ ಒಂದೇ ವಾರದಲ್ಲಿ 11 ಕೋಳಿ ಹೋದ್ವು. ಬೀದಿನಾಯಿಗಳು, ಅದೂ ಮಟಮಟ ಮಧ್ಯಾಹ್ನ, ನೆಟ್ ನೂಕ್ಕೊಂಡೇ ಒಳಗೆ ಬಂದಿದ್ವು. ಮೀಟರ್ ಹಿಡಿದು ನೋಡಿದ್ರೆ 7 ಸಾವಿರ ವೋಲ್ಟ್ ತೋರಿಸ್ತಿದೆ. ಮೆಷಿನ್ ತಗೊಂಡಿದ್ದ ಅಂಗಡಿಗೆ ಹೋದೆ, ಪವರ್ ಸಾಲಲ್ಲ ಇದಕ್ಕಿಂತ ದೊಡ್ಡದು ಹಾಕಿ ಅಂದ್ರು, ಕೈಸಾಲ ಮಾಡಿ ದೊಡ್ಡದೂ ತಂದೆ, ಮೂರನೇ ದಿನಕ್ಕೆ ಮೇಕೆ ನೆಟ್ ತುಳ್ಕೊಂಡು ಆಚೆ ಹೋಗಿ ಪಕ್ಕದವರ ಬಾಳೆ ಕಂದು ಮೇಯ್ತಾ ನಿಂತಿತ್ತು. ಗಂಟು ಬಿಡಿಸಿದ್ದು ನಮ್ಮಮ್ಮ. "ಬೆಳಿಗ್ಗೆ ಮೊಟ್ಟೆ ಆಯೋಕೆ ಹೋದಾಗ ತಗುಲಿದ್ರೆ ಭುಜದ ತನಕ ಹೊಡೆಯುತ್ತೆ ಕಣೋ, ಮಧ್ಯಾಹ್ನ ಕಾಳು ಹಾಕೋವಾಗ ತಗುಲಿದ್ರೆ ಏನೂ ಅನ್ಸಲ್ಲ. ನೀನು ಯಾವ ಹೊತ್ತಲ್ಲಿ ನೋಡ್ತೀಯ?" ಅಂದ್ಲು. ಅಮ್ಮ ತೋಟದಲ್ಲಿ ಚಪ್ಪಲಿ ಹಾಕಲ್ಲ, ನಾನು ಹಾಕ್ತೀನಿ, ಅದಕ್ಕೇ ಅವಳಿಗೆ ಗೊತ್ತಾಗಿದ್ದು ನನಗೆ ಗೊತ್ತಾಗಿರಲಿಲ್ಲ.

ಹೊಸ ಮೆಷಿನ್ ಬೇಕೇ ಇರಲಿಲ್ಲ. ನೆಲ ಒಣಗಿತ್ತು, ಅರ್ಥಿಂಗ್ ಅಂದ್ರೆ ಶಾಕ್ ಮಣ್ಣಲ್ಲಿ ಹರಿದು ಮೆಷಿನ್ನಿಗೆ ವಾಪಸ್ ಬರೋ ದಾರಿ ಸತ್ತಿತ್ತು. ಅವತ್ತಿಂದ ಯಾರು ಫೋನ್ ಮಾಡಿ ನೆಟ್ ಕೆಲಸ ಮಾಡ್ತಿಲ್ಲ ಅಂದ್ರೂ ನಾನು ಮೊದಲು ಕೇಳೋದು ಇದನ್ನೇ, ಯಾವ ಹೊತ್ತಲ್ಲಿ ಕೆಲಸ ಮಾಡ್ತಿಲ್ಲ?

ಹೊತ್ತು ಏನು ಹೇಳುತ್ತೆ

ಬೆಳಿಗ್ಗೆ ಇಬ್ಬನಿ ಇರೋವಾಗ, ಇಲ್ಲ ಮಳೆ ಬಿದ್ದ ಮೇಲೆ ಮೀಟರ್ ಕಮ್ಮಿ ತೋರಿಸಿ, ಬಿಸಿಲೇರಿದ ಹಾಗೆ ಮೇಲೆ ಬರ್ತಿದೆ ಅಂದ್ರೆ ಶಾಕ್ ಎಲ್ಲೋ ಸೋರ್ತಿದೆ. ಒದ್ದೆ ಹುಲ್ಲು ತಗುಲ್ತಿರಬೇಕು, ಇಲ್ಲ ಒದ್ದೆ ಕಂಬ, ಇಲ್ಲ ಬಿರುಕು ಬಿಟ್ಟ ಇನ್ಸುಲೇಟರ್.

ಮಧ್ಯಾಹ್ನ ಮೀಟರ್ ಚೆನ್ನಾಗೇ ತೋರಿಸ್ತಿದೆ ಆದ್ರೆ ಪ್ರಾಣಿಗೆ ಲೆಕ್ಕಕ್ಕಿಲ್ಲ, ಅಂದ್ರೆ ಅರ್ಥಿಂಗ್. ನಾನು ಮೋಸ ಹೋಗಿದ್ದು ಇಲ್ಲೇ. ಮೀಟರ್‌ಗೆ ಬೇಕಾಗಿರೋ ಕರೆಂಟ್ ಚೂರೇ ಚೂರು, ಒಣ ಮಣ್ಣಲ್ಲೂ ಅಷ್ಟು ಹರಿದು ಬರುತ್ತೆ, ಅದಕ್ಕೇ 7 ಸಾವಿರ ಅಂತ ಕಾಣ್ತು. ನಾಯಿಗೆ ನೋವಾಗೋವಷ್ಟು ಹರಿಯೋಕೆ ಒಣ ಮಣ್ಣು ಬಿಡಲ್ಲ.

ಸಂಜೆ ತನಕ ಸರಿ ಇದ್ದು ರಾತ್ರಿ ಎರಡು ಮೂರು ಗಂಟೆ ಹೊತ್ತಿಗೆ ಮೆಷಿನ್ನಿನ ಟಿಕ್ ಟಿಕ್ ನಿಧಾನ ಆಗುತ್ತೆ, ಇಲ್ಲ ನಿಂತೇ ಹೋಗುತ್ತೆ ಅಂದ್ರೆ ಬ್ಯಾಟ್ರಿ, ಇಲ್ಲ ಅದಕ್ಕೆ ಚಾರ್ಜ್ ಕೊಡೋ ಸೋಲಾರ್ ಪ್ಯಾನೆಲ್. ಯಾವ ಹೊತ್ತಲ್ಲೂ ಇಲ್ಲವೇ ಇಲ್ಲ ಅಂದ್ರೆ ಎಲ್ಲೋ ಕಟ್ ಆಗಿದೆ, ಇಲ್ಲ ನೇರವಾಗಿ ಕಬ್ಬಿಣಕ್ಕೆ ತಗುಲ್ತಿದೆ, ಕೊನೇದಾಗಿ ಮೆಷಿನ್ನು. ಮೆಷಿನ್ ಹೋಗಿರೋದು ಇದ್ದಿದ್ದರಲ್ಲಿ ಕಮ್ಮಿ, ಆದ್ರೆ ಜನ ಮೊದಲು ಬಿಚ್ಚೋದು ಅದನ್ನೇ.

ಮೂರು ದಿನ, ದಿನಕ್ಕೆ ಮೂರು ಸಲ, ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ ಮಲಗೋ ಮುಂಚೆ, ಒಂದೇ ಜಾಗದಲ್ಲಿ ಅಂದ್ರೆ ನೆಟ್‌ನ ಆ ಕಡೆ ತುದಿಯಲ್ಲಿ ಮೀಟರ್ ನೋಡಿ ಬರೆದಿಡಿ. ಕ್ಯಾಲೆಂಡರ್ ಮೇಲೆ ಬರೆದ್ರೂ ಸಾಕು.

ಕೈ ಹಾಕೋ ಮುಂಚೆ

ಮೆಷಿನ್ ಕೊಡೋ ಶಾಕ್ ಒಂದೇ ಸಮ ಹರಿಯಲ್ಲ. ಸೆಕೆಂಡಿಗೆ ಒಂದು ಸಲ, ಅದೂ 10 ಮಿಲಿಸೆಕೆಂಡ್‌ಗಿಂತ ಕಮ್ಮಿ ಹೊತ್ತು ಹೊಡೆದು ಬಿಡುತ್ತೆ. ವೋಲ್ಟ್ ಸಾವಿರಗಟ್ಟಲೆ ಇದ್ರೂ ಒಂದು ಹೊಡೆತದ ಶಕ್ತಿಗೆ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್‌ನಲ್ಲಿ 5 ಜೂಲ್ ಅಂತ ಮಿತಿ ಇಟ್ಟಿದಾರೆ, ಜೀವ ಉಳಿಯೋದು ಆ ನಡುವಿನ ಬಿಡುವಿಂದ. ಮನೆ ಲೈನಿನ 230 ವೋಲ್ಟ್ ನೇರವಾಗಿ ತಂತಿಗೆ ಕೊಟ್ರೆ ಬಿಡುವೇ ಇಲ್ಲ, ಹಿಡಿದವರು ಬಿಡೋಕಾಗಲ್ಲ. ಹಂಗೆ ಮಾಡಿ ಆನೆ, ಚಿರತೆ, ಹಸು, ಕೊನೆಗೆ ಸ್ವಂತ ಮನೆಯವರೇ ಸತ್ತಿರೋದನ್ನ ನಾವೆಲ್ಲ ಪೇಪರಲ್ಲಿ ಓದ್ತಾನೇ ಇದೀವಿ. ಅದು ಅಪರಾಧ, ಪಾಪ ಕೂಡ. ನೆಟ್ ವೀಕ್ ಆಗಿದೆ ಅಂತ ಆ ದಾರಿಗೆ ಯಾರೂ ಹೋಗಬೇಡಿ.

ಮುಟ್ಟೋ ಮುಂಚೆ ಮೆಷಿನ್ ಆಫ್ ಮಾಡಿ ಬ್ಯಾಟ್ರಿ ಕ್ಲಿಪ್ಪೂ ತೆಗೀರಿ. ಒಂದು ಬೇಲಿಗೆ ಎರಡು ಮೆಷಿನ್ ಸೇರಿಸಬೇಡಿ, ಹೊಡೆತದ ನಡುವಿನ ಬಿಡುವು ಕಮ್ಮಿಯಾಗುತ್ತೆ. ಮುಳ್ಳುತಂತಿಗೆ ಝಟ್ಕಾ ಕೊಡಲೇಬೇಡಿ, ಸಿಕ್ಕಿಹಾಕ್ಕೊಂಡವರಿಗೆ ತಪ್ಪಿಸ್ಕೊಳ್ಳೋಕೆ ಆಗಲ್ಲ. ದಾರಿ ಪಕ್ಕ ಹಾಕಿದ್ರೆ ಹಳದಿ ಬೋರ್ಡ್ ಇರಲಿ, ಸಣ್ಣ ಮಕ್ಕಳು ಬಗ್ಗಿ ತಲೆ ತಗುಲಿಸೋ ಜಾಗದಲ್ಲಿ ನೆಟ್ಟೇ ಬೇಡ.

ಮತ್ತೆ ಮೀಟರ್. ಮನೇಲಿರೋ ಮಾಮೂಲಿ ಮಲ್ಟಿಮೀಟರ್ ಇದಕ್ಕೆ ಹಿಡೀಬೇಡಿ, ಸುಟ್ಟು ಹೋಗುತ್ತೆ. ಎಲೆಕ್ಟ್ರಿಷಿಯನ್ ಜೇಬಲ್ಲಿರೋ ಟೆಸ್ಟರ್ ಅಂತೂ ಬೇಡವೇ ಬೇಡ. ಬೇಲಿಗೇ ಅಂತ ಬರೋ ಡಿಜಿಟಲ್ ವೋಲ್ಟ್‌ಮೀಟರ್ ತಗೊಳ್ಳಿ, ಒಂದು ಕಡ್ಡಿ ನೆಲಕ್ಕೆ ಚುಚ್ಚಿ ಇನ್ನೊಂದನ್ನ ತಂತಿಗೆ ಹಿಡಿಯೋದು. ಹಸಿ ಗರಿಕೆ ಹಿಡಿದು ತಂತಿಗೆ ತಾಗಿಸಿ ಜುಂ ಅಂತ ಅನ್ನುತ್ತಾ ನೋಡೋರು ಇದಾರೆ, ಅದು ಜೀವ ಇದೆಯೋ ಇಲ್ವೋ ಹೇಳುತ್ತೆ, ಎಷ್ಟಿದೆ ಅಂತ ಹೇಳಲ್ಲ. ಕೋಳಿ ನೆಟ್ ಮೇಲೆ ಕಮ್ಮಿ ಅಂದ್ರೆ 3 ಸಾವಿರ ವೋಲ್ಟ್ ಇರಬೇಕು, ನಾಯಿ ನರಿ ಕಾಟ ಇರೋ ಕಡೆ, ಇಲ್ಲ ಕುರಿ ಮೇಕೆ ಇದ್ರೆ 4 ಸಾವಿರದ ಮೇಲೆ.

ಒಂದೊಂದೇ ನೆಟ್ ಸೇರಿಸ್ಕೊಂಡು ಹುಡುಕೋದು

ಇಡೀ ನೆಟ್ ಸುತ್ತ ಓಡಾಡಿಕೊಂಡು ಹುಡುಕಿದ್ರೆ ಅರ್ಧ ದಿನ ಹೋಗುತ್ತೆ. ಮೊದಲು ನೆಟ್ ಬಿಡಿಸಿ ಮೆಷಿನ್ ಒಂದನ್ನೇ ಆನ್ ಮಾಡಿ, ಎರಡು ಟರ್ಮಿನಲ್ ನಡುವೆ ಮೀಟರ್ ಹಿಡೀರಿ. ನಮ್ಮದರಲ್ಲಿ 8 ಸಾವಿರದ ಹತ್ತಿರ ಬರುತ್ತೆ, ನಿಮ್ಮದರ ಲೆಕ್ಕ ಡಬ್ಬದ ಮೇಲೆ ಬರೆದಿರುತ್ತೆ. ಇಲ್ಲಿ ಸರಿ ಬಂತು ಅಂದ್ರೆ ಮೆಷಿನ್ ನಿರಪರಾಧಿ, ಅದನ್ನ ಮರೆತುಬಿಡಿ.

ಆಮೇಲೆ ಮೊದಲ ನೆಟ್ ಮಾತ್ರ ಸೇರಿಸಿ ಅದರ ತುದಿಯಲ್ಲಿ ನೋಡಿ, ಆಮೇಲೆ ಎರಡನೇದು, ಆಮೇಲೆ ಮೂರನೇದು. ಒಂದೊಂದು ಸೇರಿಸಿದಾಗಲೂ ಸ್ವಲ್ಪ ಇಳಿಯೋದು ಸಹಜ. ಒಂದು ಸಲ ನಮ್ಮಲ್ಲಿ ಮೊದಲನೇದರಲ್ಲಿ 6.9 ಸಾವಿರ ವೋಲ್ಟ್, ಎರಡನೇದು ಸೇರಿಸಿದಾಗ 6.1, ಮೂರನೇದು ಸೇರಿಸಿದ ತಕ್ಷಣ 2.4ಕ್ಕೆ ಬಿತ್ತು. ಹುಡುಕಾಟ 150 ಮೀಟರಿಂದ 50 ಮೀಟರಿಗೆ ಬಂತು. ಆ 50 ಮೀಟರಲ್ಲಿ ಏನಿತ್ತು ಅಂದ್ರೆ ತೆಂಗಿನ ಗರಿ. ರಾತ್ರಿ ಬಿದ್ದಿದ್ದು, ಮೇಲಿಂದ ಬಿದ್ದು ನೆಟ್ ಮೇಲೆ ಮಲಗಿರಲಿಲ್ಲ, ಮಟ್ಟೆ ಕಡೆ ನೆಲಕ್ಕೆ ಊರಿ ಗರಿಯ ಒಂದೇ ಒಂದು ಹಸಿ ಎಲೆ ಕೆಳಗಿನಿಂದ ಎರಡನೇ ಎಳೆಗೆ ತಗುಲ್ತಿತ್ತು, ದೂರದಿಂದ ಕಾಣೋದೇ ಇಲ್ಲ. ಎಲೆ ತುದಿ ಕಂದು ಬಣ್ಣಕ್ಕೆ ತಿರುಗಿ ಸುಟ್ಟಿತ್ತು, ಅದರಿಂದ ಗೊತ್ತಾಯ್ತು.

ರಾತ್ರಿ ಹೊತ್ತು ಹುಡುಕೋದು ಇನ್ನೂ ಸುಲಭ. ಟಾರ್ಚ್ ಆರಿಸಿ ಐದು ನಿಮಿಷ ಸುಮ್ಮನೆ ನಿಂತ್ಕೊಳ್ಳಿ. ಸೋರ್ತಿರೋ ಕಡೆ ಟಿಕ್ ಟಿಕ್ ಅಂತ ಮೆಷಿನ್ ತಾಳಕ್ಕೇ ಶಬ್ದ ಬರುತ್ತೆ, ನೀಲಿ ಕಿಡಿ ಕಾಣುತ್ತೆ. ಮನೇಲಿ ಹಳೇ ಟ್ರಾನ್ಸಿಸ್ಟರ್ ಇದ್ರೆ ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಕಡೆ ಮುಳ್ಳು ಇಟ್ಟು ನೆಟ್ ಪಕ್ಕ ನಡ್ಕೊಂಡು ಹೋಗಿ, ಕಿಡಿ ಹಾರೋ ಜಾಗ ಹತ್ತಿರ ಬಂದ ಹಾಗೆ ಟಕ್ ಟಕ್ ಜೋರಾಗುತ್ತೆ. ಎಫ್‌ಎಂನಲ್ಲಿ ಇದು ಆಗಲ್ಲ.

ಅರ್ಥಿಂಗ್, ನಮ್ಮ ಕಡೆ ನಿಜವಾದ ತಲೆನೋವು

ಮೆಷಿನ್ನಿಂದ ಹೊರಟ ಶಾಕು ತಂತಿಯಿಂದ ನಾಯಿ ಮೂಗಿಗೆ ಬಂದು, ಅದರ ಕಾಲಿಂದ ಮಣ್ಣಿಗಿಳಿದು, ಮಣ್ಣಲ್ಲೇ ಹರಿದು, ನೆಲಕ್ಕೆ ಹೊಡೆದಿರೋ ಅರ್ಥ್ ರಾಡ್ ಹತ್ತಿ ಮೆಷಿನ್ನಿಗೆ ವಾಪಸ್ ಸೇರಬೇಕು. ಆಗ ಮಾತ್ರ ಸುತ್ತು ಪೂರ್ತಿ. ತಂತಿ ಕಡೆ ನಾವೆಲ್ಲ ನೋಡ್ತೀವಿ, ಮಣ್ಣಿನ ಕಡೆ ಯಾರೂ ನೋಡಲ್ಲ, ಅರ್ಧ ದಾರಿ ಅದೇ ಆಗಿದ್ರೂ. ನಮ್ಮ ಕೆಂಪು ಮಣ್ಣು ಜನವರಿಗೇ ಒಣಗೋಕೆ ಶುರುವಾಗಿ ಮಾರ್ಚ್ ಏಪ್ರಿಲಲ್ಲಿ ಒಂದಡಿ ಅಗೆದ್ರೂ ತೇವ ಸಿಗಲ್ಲ. ಮೆಷಿನ್ ಜೊತೆ ಕೊಡೋ ಒಂದೂವರೆ ಅಡಿ ಗೂಟ ಮಳೆಗಾಲಕ್ಕೆ ಸರಿ, ಬೇಸಿಗೆಗೆ ಅದು ಇದ್ದೂ ಇಲ್ಲದ ಹಾಗೆ.

ಪರೀಕ್ಷೆ ಮಾಡೋದು ಹೀಗೆ. ಮೆಷಿನ್ ಆಫ್ ಮಾಡಿ. ನೆಟ್‌ನ ದೂರದ ತುದಿಗೆ, ಆದ್ರೆ ಮೆಷಿನ್ನಿಂದ 100 ಮೀಟರ್ ಆಚೆ, ಒಂದು ಹಾರೆ ನೆಲಕ್ಕೆ ಚುಚ್ಚಿ ಶಾಕ್ ಇರೋ ಎಳೆಗಳಿಗೆ ತಗುಲೋ ಹಾಗೆ ಒರಗಿಸಿ, ಬೇಕಾದ್ರೆ ಎರಡು ಮೂರು ಕಬ್ಬಿಣದ ರಾಡ್ ಸೇರಿಸಿ, ನೆಲ ಒಣಗಿದ್ರೆ ಬುಡಕ್ಕೆ ಒಂದು ಕೊಡ ನೀರು ಹಾಕಿ. ಬೇಕಂತಲೇ ಶಾರ್ಟ್ ಮಾಡ್ತಿದೀವಿ. ಈಗ ಆನ್ ಮಾಡಿ, ನೆಟ್ ಮೇಲೆ 2 ಸಾವಿರಕ್ಕಿಂತ ಕೆಳಗೆ ಬಂದಿರಬೇಕು. ಆಮೇಲೆ ಅರ್ಥ್ ರಾಡ್ ಹತ್ರ ಬನ್ನಿ, ಮೀಟರ್‌ನ ಒಂದು ತುದಿ ಕೊನೇ ರಾಡಿಗೆ, ಇನ್ನೊಂದು ಕಡ್ಡಿ ಅಲ್ಲಿಂದ ಒಂದು ಮೀಟರ್ ದೂರದ ಮಣ್ಣಿಗೆ. ಸೊನ್ನೆ ಬಂದ್ರೆ ಹಬ್ಬ, 200-300 ವೋಲ್ಟ್ ತನಕ ನಡೆಯುತ್ತೆ. ಅದರ ಮೇಲೆ ಹೋದ್ರೆ ಅರ್ಥಿಂಗ್ ಸಾಲ್ತಿಲ್ಲ, ರಾಡಲ್ಲೇ ವೋಲ್ಟ್ ನಿಂತಿದೆ ಅಂದ್ರೆ ಮಣ್ಣು ಒಪ್ಕೊಳ್ತಿಲ್ಲ ಅಂತ. ಅವತ್ತು ಮಧ್ಯಾಹ್ನ ನಮ್ಮ ರಾಡಲ್ಲಿ 1,900 ಇತ್ತು. ಸಾಲ ಮಾಡಿ ತಂದ ಮೆಷಿನ್ ಪಕ್ಕದಲ್ಲೇ ಕೂತು ಆ ನಂಬರ್ ನೋಡ್ತಾ ನನಗೆ ಅಳು ಬಂತು, ಸತ್ತ ಕೋಳಿಗಳೆಲ್ಲ ಮೊಟ್ಟೆ ಇಡೋವು.

ಸರಿ ಮಾಡಿದ್ದು ಹೀಗೆ: ಒಂದೊಂದು ಮೀಟರಿಗಿಂತ ಉದ್ದದ ಮೂರು ಜಿಐ ಪೈಪ್ (ಸತುವು ಲೇಪಿಸಿದ ಕಬ್ಬಿಣದ್ದು), ಒಂದರಿಂದ ಒಂದಕ್ಕೆ 3 ಮೀಟರ್ ದೂರ, ಕುರಿಗೆ ನೀರಿಡೋ ತೊಟ್ಟಿ ಪಕ್ಕ, ಯಾಕಂದ್ರೆ ಅಲ್ಲಿ ದಿನಾ ನೀರು ಚೆಲ್ಲುತ್ತೆ. ಮನೆ ಅರ್ಥಿಂಗ್ ಗುಂಡಿಗೆ ಹಾಕೋ ಹಾಗೆ ಇದ್ದಿಲು ತುಂಬಿಸಿದೆ, ಉಪ್ಪು ಸ್ವಲ್ಪವೇ, ಉಪ್ಪು ಜಾಸ್ತಿ ಆದ್ರೆ ಪೈಪ್ ತುಕ್ಕು ಹಿಡಿದು ಎರಡು ವರ್ಷಕ್ಕೆ ಹೋಗುತ್ತೆ. ಮೂರನ್ನೂ ಒಂದೇ ಜಿಐ ತಂತಿಯಲ್ಲಿ ಕ್ಲಾಂಪ್ ಹಾಕಿ ಬಿಗಿದು ಕಟ್ಟಿದೆ. ತಾಮ್ರದ ತಂತಿ ಸುತ್ತಬೇಡಿ, ತಾಮ್ರ ಮತ್ತು ಸತುವು ಒದ್ದೆಯಲ್ಲಿ ಸೇರಿದ್ರೆ ಜಾಯಿಂಟ್ ತಿಂದು ಹಾಕುತ್ತೆ. ನೆಟ್ ಎಲ್ಲಿಗೆ ಹೋದ್ರೂ ಮೆಷಿನ್ ಈಗ ತೊಟ್ಟಿ ಹತ್ರಾನೇ ಇರುತ್ತೆ, ಅಲ್ಲಿಂದ ನೆಟ್ ತನಕ ಬೇಲಿಗೆ ಅಂತಲೇ ಬರೋ ದಪ್ಪ ಇನ್ಸುಲೇಷನ್ ಕೇಬಲ್ ಎಳೀತೀವಿ. ಮನೆ ವೈರಿಂಗ್‌ನ ವೈರ್ ಇದಕ್ಕೆ ಆಗಲ್ಲ, ಅದು ಸಾವಿರ ಚಿಲ್ಲರೆ ವೋಲ್ಟಿಗೆ ಮಾಡಿರೋದು, ಒದ್ದೆ ನೆಲದ ಮೇಲೆ ಬಿದ್ದಿದ್ರೆ ಒಳಗಿಂದಲೇ ಸೋರುತ್ತೆ, ಹೊರಗೆ ನೋಡಿದ್ರೆ ಹೊಸ ವೈರ್ ಇದ್ದ ಹಾಗೇ ಇರುತ್ತೆ.

ಬೋರ್‌ವೆಲ್ ಕೇಸಿಂಗ್ ಪೈಪಿಗೆ ಅರ್ಥ್ ಕಟ್ಟಿದ್ರೆ ಚೆನ್ನಾಗಿ ಹಿಡಿಯುತ್ತೆ ಅಂತ ತುಂಬಾ ಜನ ಹೇಳ್ತಾರೆ. ಹಿಡಿಯುತ್ತೆ ನಿಜ, ಆದ್ರೆ ಮೋಟಾರಿನ ಅರ್ಥೂ ಅಲ್ಲೇ ಇರುತ್ತೆ, ಮೋಟಾರ್ ಲೀಕ್ ಆದ ದಿನ ಆ ಕರೆಂಟು ನಿಮ್ಮ ಬೇಲಿ ಮೆಷಿನ್ ಕಡೆ ಬರುತ್ತೆ, ನಿಮ್ಮ ಶಾಕ್ ಸ್ಟಾರ್ಟರ್ ಬಾಕ್ಸ್ ಕಡೆ ಹೋಗುತ್ತೆ. ಬೇಲಿಯ ಅರ್ಥ್ ರಾಡಿಗೂ ಕರೆಂಟಿನ ಇನ್ನಾವ ಅರ್ಥಿಗೂ ಕಮ್ಮಿ ಅಂದ್ರೆ 10 ಮೀಟರ್ ದೂರ ಇರಲಿ.

ತೆಂಗಿನ ತೋಟದವರಿಗೆ ಇನ್ನೊಂದು ಮಾತು. ತೇವ ಉಳೀಲಿ ಅಂತ ಪಾತಿಗೆ ಒಣ ಗರಿ, ಸಿಪ್ಪೆ ಮುಚ್ಚಿಗೆ ಹಾಕಿರ್ತೀವಿ. ನೆಟ್ ಅದರ ಮೇಲೆ ಹೋಗಿದ್ರೆ ಪ್ರಾಣಿ ಒಣ ಸಿಪ್ಪೆ ಮೇಲೆ ನಿಂತು ನೆಟ್ ಮುಟ್ಟುತ್ತೆ, ರಬ್ಬರ್ ಚಪ್ಪಲಿ ಹಾಕ್ಕೊಂಡ ಹಾಗೆ. ನೆಟ್‌ನ ಎರಡೂ ಕಡೆ ಒಂದೊಂದು ಮೊಳ ಮುಚ್ಚಿಗೆ ಸರಿಸಿ ಬರಿ ಮಣ್ಣು ಕಾಣೋ ಹಾಗೆ ಮಾಡಿ. ಅಷ್ಟಾದ್ರೂ ಏಪ್ರಿಲಲ್ಲಿ ಸಾಲದೇ ಬಂದ್ರೆ ಒಂದೆಳೆ ಶಾಕು ಒಂದೆಳೆ ಅರ್ಥು ಅಂತ ಬರೋ ನೆಟ್ ಇದೆ, ಎರಡೂ ಎಳೆ ಒಟ್ಟಿಗೆ ಮುಟ್ಟಿದ್ರೆ ಮಣ್ಣಿನ ಹಂಗಿಲ್ಲದೆ ಹೊಡೆಯುತ್ತೆ. ಒಂದೇ ಎಳೆ ಮುಟ್ಟಿದ್ರೆ ಮಾತ್ರ ಮತ್ತೆ ಮಣ್ಣಿನ ಮೇಲೇ ನಿಂತಿರುತ್ತೆ.

ಸೋರಿಕೆ

ಕೋಳಿ ನೆಟ್‌ನಲ್ಲಿ ನೆಲಕ್ಕೆ ತಾಗಿರೋ ಕೊನೇ ಎಳೆಗೆ ಶಾಕ್ ಇರಲ್ಲ, ಅದರ ಮೇಲಿನದರಿಂದ ಶುರು. ಗೂಟದ ನಡುವೆ ನೆಟ್ ಜೋತು ಬಿದ್ದು ಆ ಎರಡನೇ ಎಳೆ ನೆಲಕ್ಕೆ ತಗುಲೋದೇ ಬಹಳ. ಪಾತಿ ಅಂಚು, ಬದು, ಕಾಲುವೆ ದಾಟೋ ಕಡೆ ಹೀಗಾಗುತ್ತೆ, ಅಲ್ಲೆಲ್ಲ ಒಂದು ಫೈಬರ್ ಕಡ್ಡಿ ಎಕ್ಸ್‌ಟ್ರಾ ಕೊಟ್ಟು ಎತ್ತಿ, ಮೂಲೆಗೆ ಹಗ್ಗ ಕಟ್ಟಿ ಎಳೀರಿ. ನೆಟ್ ಹಾಕೋ ಮುಂಚೆ ಎರಡಡಿ ಅಗಲ ದಾರಿ ಮಾಡಿ ಹುಲ್ಲು ಸವರಿ, ಹಾಕಿದ ಮೇಲೆ ಕುಡುಗೋಲು ಹಿಡಿದು ಹೋದ್ರೆ ನೆಟ್ಟೇ ಕುಯ್ದು ಹೋಗುತ್ತೆ, ನಮ್ಮಲ್ಲಿ ಹಂಗೇ ಎರಡು ಎಳೆ ಹೋಗಿವೆ. ಗರಿಕೆಗಿಂತ ಕಾಂಗ್ರೆಸ್ ಗಿಡ ಕಷ್ಟ, ಮಳೆ ಬಿದ್ದ ಮೇಲೆ ಬೇಗ ಮೊಳಕಾಲುದ್ದ ಆಗುತ್ತೆ, ಕುರಿ ಮೇಕೆ ತಿನ್ನಲ್ಲ, ನಾವೇ ಕೀಳಬೇಕು.

ಕಲ್ಲುಕಂಬಕ್ಕೆ, ಹಳೇ ಮುಳ್ಳುತಂತಿಗೆ, ಚೈನ್‌ಲಿಂಕ್ ಗೇಟಿಗೆ ನೆಟ್ ತಗುಲಿದ್ರೆ ಒಂದೇ ಜಾಗದಲ್ಲಿ ಇಡೀ ಶಾಕ್ ಇಳಿದು ಹೋಗುತ್ತೆ. ಕಲ್ಲು ಒಣಗಿದ್ದಾಗ ಪರವಾಗಿಲ್ಲ ಅನ್ಸುತ್ತೆ, ನೆಂದ ಮೇಲೆ ನೋಡಿ. ಡ್ರಿಪ್ ಪೈಪಿನ ತುಂಡನ್ನ ಇನ್ಸುಲೇಟರ್ ಮಾಡೋದು ನಾವೂ ಮಾಡಿದ್ವಿ, ಆ ಕಪ್ಪು ಬಣ್ಣಕ್ಕೆ ಕಾರ್ಬನ್ ಸೇರಿಸಿರ್ತಾರೆ, ಒಂದು ಮಳೆಗಾಲ ಕಳೆದ ಮೇಲೆ ಅದರ ಮೂಲಕವೇ ಕಿಡಿ ಹೋಗೋಕೆ ಶುರುವಾಯ್ತು. ಹಸಿ ಬಿದಿರು ಗೂಟವೂ ಅಷ್ಟೇ.

ಎಳೆ ಕಟ್ ಆಗಿರೋದು

ದಾರ ಮೇಲೆ ನೋಡೋಕೆ ಚೆನ್ನಾಗಿರುತ್ತೆ, ಒಳಗಿನ ಸ್ಟೀಲ್ ಎಳೆ ತುಂಡಾಗಿರುತ್ತೆ. ಪದೇ ಪದೇ ಸುತ್ತಿ ಬಿಚ್ಚೋದ್ರಿಂದ ಗೂಟದ ಪಕ್ಕದಲ್ಲೇ ಜಾಸ್ತಿ ಮುರಿಯೋದು. ಪ್ರತಿ ಅಡ್ಡ ಎಳೆಗೂ ತುದಿಯಲ್ಲಿ ಮೀಟರ್ ಹಿಡಿದು ನೋಡಿ, ಒಂದರಲ್ಲಿ ಇದೆ ಅಂತ ಎಲ್ಲದರಲ್ಲೂ ಇರಬೇಕು ಅಂತಿಲ್ಲ. ಮೇಲಿನ ನಾಲ್ಕು ಎಳೆ ಜೀವ ಇದ್ದು ಕೆಳಗಿನ ಎರಡು ಸತ್ತಿದ್ರೆ ಮುಂಗುಸಿಗೆ ಅದು ಬಾಗಿಲು ತೆಗೆದ ಹಾಗೆ.

ಕಟ್ ಆದ ಕಡೆ ಸುಮ್ಮನೆ ಗಂಟು ಹಾಕಿದ್ರೆ ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿಗೆ ಸೇರುತ್ತೆ, ಸ್ಟೀಲ್ ಸ್ಟೀಲಿಗೆ ಸೇರಲ್ಲ, ಪ್ರತಿ ಹೊಡೆತಕ್ಕೂ ಗಂಟಿನೊಳಗೆ ಕಿಡಿ ಹಾರಿ ಕೆಲವು ವಾರದಲ್ಲಿ ಕರಿ ಹಿಡಿದು ಸುಟ್ಟು ಹೋಗುತ್ತೆ. ತುದಿಯ ದಾರ ಎರಡಿಂಚು ಬಿಡಿಸಿ ಸ್ಟೀಲ್ ಎಳೆ ಮಾತ್ರ ಬೇರೆ ತೆಗೆದು, ಆ ಕಡೆದು ಈ ಕಡೆದು ಸೇರಿಸಿ ಹುರಿ ಮಾಡಿ, ಮೇಲೆ ಕ್ಲಿಪ್ ಒತ್ತಿ. ಕಣ್ಣು ಚೆನ್ನಾಗಿರೋರು ಹಗಲಲ್ಲಿ ಕೂತು ಮಾಡೋ ಕೆಲಸ ಇದು. ಎರಡು ನೆಟ್ ಸೇರಿಸೋ ಕ್ಲಿಪ್, ಮೆಷಿನ್ನಿನ ಮೊಸಳೆ ಕ್ಲಿಪ್, ಇವಕ್ಕೆ ತುಕ್ಕು ಹಿಡಿದಿದ್ರೆ ಉಪ್ಪುಕಾಗದದಲ್ಲಿ ತಿಕ್ಕಿ.

ಬ್ಯಾಟ್ರಿ, ಪ್ಯಾನೆಲ್

ಪಂಪ್‌ಸೆಟ್ ಲೈನಿನ ಕರೆಂಟ್ ನಂಬ್ಕೊಂಡು ಬೇಲಿ ಓಡಿಸೋಕಾಗಲ್ಲ, ಹಂಗಾಗಿ ಬ್ಯಾಟ್ರಿ. ಇಲ್ಲಿ ಮಾಮೂಲಿ ಮಲ್ಟಿಮೀಟರ್ ಸಾಕು. ಚಾರ್ಜಿಂಗೂ ಇಲ್ಲದೆ ಮೆಷಿನ್ನೂ ಓಡದೆ ಒಂದು ಗಂಟೆ ಬಿಟ್ಟು ನೋಡಿದ್ರೆ ತುಂಬಿದ ಬ್ಯಾಟ್ರಿ 12.6ರ ಮೇಲೆ ಇರುತ್ತೆ, 12.2 ಅಂದ್ರೆ ಅರ್ಧ ಖಾಲಿ, 12ರ ಕೆಳಗೆ ಹೋದ್ರೆ ಹೆಚ್ಚುಕಮ್ಮಿ ಮುಗೀತು. ರಾತ್ರಿ ಮೆಷಿನ್ ಓಡ್ತಿರೋವಾಗಲೂ ಒಂದು ಸಲ ನೋಡಿ, ಹಗಲು 12.6 ತೋರಿಸಿ ರಾತ್ರಿ ಎರಡೇ ಗಂಟೆಯಲ್ಲಿ 11.5ಕ್ಕೆ ಬೀಳೋ ಬ್ಯಾಟ್ರಿ ವಯಸ್ಸಾಗಿರೋದು.

ಲೆಕ್ಕವೂ ಹಾಕಿ. ನಮ್ಮ ಹಳೇ ಮೆಷಿನ್ 120 ಮಿಲಿಆಂಪ್ ತಗೊಳ್ತಿತ್ತು, 24 ಗಂಟೆಗೆ ಹತ್ತಿರ ಹತ್ತಿರ 3 ಆಂಪ್‌ಅವರ್. 7 ಆಂಪ್‌ಅವರ್ ಬ್ಯಾಟ್ರಿಯಲ್ಲಿ ಅರ್ಧ ಮಾತ್ರ ಬಳಸ್ಬೇಕು ಅಂದ್ರೆ ಒಂದು ದಿನ ಚಿಲ್ಲರೆ. ಆಷಾಢದಲ್ಲಿ ಮೂರು ದಿನ ಮೋಡ ಮುಚ್ಚಿದ್ರೆ ಕಥೆ ಏನು? ಅದಕ್ಕೇ 35 ಆಂಪ್‌ಅವರ್ ಹಾಕಿದೀವಿ.

ಪ್ಯಾನೆಲ್ ವಿಷಯಕ್ಕೆ ಬಂದ್ರೆ ತೋಟದವರ ತಪ್ಪು ಒಂದೇ, ನೆರಳು. ಪ್ಯಾನೆಲ್ಲಿನ ಚೌಕಗಳೆಲ್ಲ ಸರಪಳಿ ಥರ ಒಂದರ ಹಿಂದೆ ಒಂದು ಸೇರಿರುತ್ತೆ, ತೆಂಗಿನ ಗರಿಯ ನೆರಳು ಒಂದು ಚೌಕದ ಮೇಲೆ ಬಿದ್ರೂ ಇಡೀ ಪ್ಯಾನೆಲ್ಲಿನ ಕರೆಂಟು ಬಿದ್ದು ಹೋಗುತ್ತೆ. ವೋಲ್ಟ್ ನೋಡಿದ್ರೆ 20 ಇರುತ್ತೆ, ಸರಿ ಇದೆ ಅನ್ಸುತ್ತೆ, ಚಾರ್ಜ್ ಆಗ್ತಿರಲ್ಲ. ಪ್ಯಾನೆಲ್ ತೋಟದ ಹೊರಗೆ ಬಯಲಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಸ್ವಲ್ಪ ಓರೆಯಾಗಿ ನಿಲ್ಲಿಸಿ, 13-15 ಡಿಗ್ರಿ ನಮ್ಮ ಕಡೆಗೆ ಸಾಕು, ವಾರಕ್ಕೊಂದು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ.

ಮೆಷಿನ್ ನಿಜವಾಗಿ ಹೋಗೋದು ಎರಡೇ ಕಾರಣಕ್ಕೆ ನಾನು ನೋಡಿರೋದು. ಒಂದು ಸಿಡಿಲು, ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ. ಆಕಾಶ ಕಪ್ಪಾಗೋಕೆ ಮುಂಚೆನೇ ಕೋಳಿ ಗೂಡಿಗೆ ಸೇರಿಸಿ ನೆಟ್‌ನಿಂದ ಮೆಷಿನ್ ಬಿಡಿಸಿಡಿ, ಗುಡುಗು ಶುರುವಾದ ಮೇಲೆ ಹೋಗಿ ಬೇಲಿ ಮುಟ್ಟಬೇಡಿ. ಇನ್ನೊಂದು ಇರುವೆ, ಬೆಚ್ಚಗಿರುತ್ತೆ ಅಂತ ಡಬ್ಬದೊಳಗೆ ಗೂಡು ಮಾಡುತ್ತೆ, ಅದಕ್ಕೆ ಮೆಷಿನ್ ನೆಲದ ಮೇಲಿಡದೆ ಕಂಬಕ್ಕೆ ನೇತು ಹಾಕಿ.

ಎಲ್ಲ ಸರಿ ಇದೆ, ಆದ್ರೂ ದಾಟ್ತಿವೆ

ಕೋಳಿ ಗರಿಗೆ ಶಾಕ್ ತಗುಲಲ್ಲ, ತಗುಲೋದು ಜುಟ್ಟು, ಕೊಕ್ಕು, ಕಾಲಿಗೆ. ಬೆದರಿ ನುಗ್ಗಿದ್ರೆ ಗರಿಯ ಮೈ ತೂರ್ಕೊಂಡು ಆಚೆ ಹೋಗುತ್ತೆ. ಹಾರೋ ಕೋಳಿಗೆ ಒಂದು ಕಡೆ ರೆಕ್ಕೆಯ ಉದ್ದ ಗರಿ ಮಾತ್ರ ಕತ್ತರಿಸಿ, ಎರಡೂ ಕಡೆ ಕತ್ತರಿಸಿದ್ರೆ ತೂಕ ಸಮ ಆಗಿ ಮತ್ತೆ ಹಾರುತ್ತೆ. ಮರಿಗಳು ನೆಟ್‌ನ ತೂತಲ್ಲಿ ನುಸುಳ್ತವೆ, ಅವು ದೊಡ್ಡದಾಗೋ ತನಕ ಗೂಡಲ್ಲೇ ಇರಲಿ. ಕುರಿಯಲ್ಲಿ ಬನ್ನೂರಿನ ಸಣ್ಣ ಕೂದಲಿಗೂ ಡೆಕ್ಕನಿಯ ದಪ್ಪ ಉಣ್ಣೆಗೂ ತುಂಬಾ ವ್ಯತ್ಯಾಸ, ಉಣ್ಣೆ ಕುರಿಗೆ ಮೂಗಿಗೇ ತಗುಲಬೇಕು. ಅದಕ್ಕೆ ಹೊಸ ಪ್ರಾಣಿ ತಂದ ದಿನ ಗಟ್ಟಿ ಗೋಡೆ ಇರೋ ಕೊಟ್ಟಿಗೆ ಒಳಗೆ ನೆಟ್‌ನ ಸಣ್ಣ ತುಂಡು ಕಟ್ಟಿ ಒಂದೆರಡು ದಿನ ಬಿಡಿ, ಮೂಸಿ ನೋಡಿ ಒಂದು ಸಲ ಕಲಿತ್ರೆ ಆಮೇಲೆ ಹತ್ತಿರ ಬರಲ್ಲ. ಚಿರತೆಗೆ ಈ ನೆಟ್ ಗ್ಯಾರಂಟಿ ಅಲ್ಲ, ಎಷ್ಟೇ ವೋಲ್ಟ್ ಇರಲಿ ಕುರಿ ಮೇಕೆ ರಾತ್ರಿ ಬಾಗಿಲಿರೋ ಕೊಟ್ಟಿಗೆಗೆ ಹೋಗಲೇಬೇಕು. ಹದ್ದಿಗಂತೂ ಬೇಲಿ ಲೆಕ್ಕವೇ ಇಲ್ಲ.

ಮೇಕೆ ಬಗ್ಗೆ ಹೇಳ್ಬೇಕು. ದೋಷ ಹುಡುಕೋಕೆ ಅಂತ ಮೆಷಿನ್ ಆಫ್ ಮಾಡಿದಾಗ ಒಳಗಿರೋ ಪ್ರಾಣಿ ಮೊದಲು ಬೇರೆ ಕಡೆ ಕಟ್ಟಿ. ನಾನು ಒಂದು ಸಲ ಕಟ್ಟಲಿಲ್ಲ, ಕ್ಲಿಪ್ ತರೋಕೆ ಅಂತ ತಿಪಟೂರಿಗೆ ಹೋಗಿ ಬರೋದ್ರಲ್ಲಿ ಎರಡು ಗಂಟೆ ಆಯ್ತು. ಶಾಕ್ ಇಲ್ಲ ಅಂತ ಅವಕ್ಕೆ ಬೇಗ ಗೊತ್ತಾಗಿಬಿಡುತ್ತೆ. ಕೊಂಬು ಆಗತಾನೆ ಮೂಡಿದ್ದ ಮರಿ ಆಚೆ ಸೊಪ್ಪಿಗೆ ತಲೆ ಹಾಕಿದೆ, ಹಿಂದಕ್ಕೆ ಎಳೆದ್ರೆ ಕೊಂಬಿಗೆ ಎಳೆ ಸುತ್ಕೊಂಡಿದೆ, ಹೆದರಿ ಸುತ್ತಿದಷ್ಟೂ ಬಿಗಿದಿದೆ. ನಾನು ಬಂದಾಗ ತಾಯಿ ಮೇಕೆ ಅದರ ಪಕ್ಕ ನಿಂತು ಕೂಗ್ತಿತ್ತು, ಮರಿ ತಣ್ಣಗಾಗಿತ್ತು. ಶಾಕ್ ಇರೋ ನೆಟ್ ಪ್ರಾಣಿನ ದೂರ ಇಡುತ್ತೆ, ಶಾಕ್ ಇಲ್ಲದ ನೆಟ್ ಬರೀ ಬಲೆ. ಕಪ್ಪೆ, ಆಮೆ, ಹಾವೂ ಸಿಕ್ಕಿ ಸಾಯ್ತವೆ, ಹಾಕಿರೋ ನೆಟ್ ಸುತ್ತ ಬೆಳಿಗ್ಗೆ ಒಂದು ಸುತ್ತು ಬರಲೇಬೇಕು.

ಈಗ ಮೆಷಿನ್ ಅರ್ಧ ಗಂಟೆಗಿಂತ ಜಾಸ್ತಿ ಆಫ್ ಇರುತ್ತೆ ಅಂದ್ರೆ ನೆಟ್ ಎತ್ತಿ ಸುತ್ತಿಬಿಡ್ತೀವಿ. ಸುತ್ತಿದ್ದನ್ನ ಕೊಟ್ಟಿಗೆ ತೊಲೆಗೆ ನೇತು ಹಾಕಿ, ಕಾಳಿನ ಚೀಲದ ಪಕ್ಕ ನೆಲದ ಮೇಲೆ ಇಟ್ರೆ ಇಲಿ ಕಡಿಯುತ್ತೆ, ಅದು ಗೊತ್ತಾಗೋದು ಮತ್ತೆ ಬಿಚ್ಚಿ ಹಾಕಿ ಮೀಟರ್ ಹಿಡಿದಾಗ.